ಬಲಗಿವಿಯ ಸತ್ತವರು

ನಾವು ನೋಡುವ ವೆಬ್ ಸರಣಿಯ ಹೊಸ ಸೀಸನ್ ಬಂದ ಶನಿವಾರವೇ ಲ್ಯಾಬಿನ ಹೊಸ ಪಾಳಿಪಟ್ಟಿಯೂ ಬಂತು. ಇನ್ನೊಂದು ವಾರ ಕಳೆದರೆ ಅಕ್ಕನಿಗೆ ಎರಡನೇ ಪಾಳಿ. ನಮಗೆ ಉಳಿದದ್ದು ಆರು ಬೆಳಗು. ಸೀಸನ್ನಿನಲ್ಲಿ ಇದ್ದದ್ದು ಆರು ಕಂತು. ಇಷ್ಟು ಸರಿಯಾಗಿ ಹೊಂದುವ ನೆನಪನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಆದರೆ ಆ ಪಟ್ಟಿಯ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ವಿಜಯಪುರದ ಕಡೆಯವರು, ಪುಣೆಯ ಕೊಂಢವಾದಲ್ಲಿ ಮನೆ, ರಾಂಜಣಗಾಂವದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ನಾನು ತುಮಕೂರಿನವಳು, ಅದೇ ಕಾರ್ಖಾನೆಯ ಡಿಸ್ಪ್ಯಾಚ್ ಆಫೀಸಿನಲ್ಲಿದ್ದೇನೆ. ಕಂಪನಿ ಬಸ್ಸಿನಲ್ಲಿ ಬೆಳಗ್ಗೆ ಒಂದೂವರೆ ಗಂಟೆ ಜತೆಯಾಗಿ ಕೂರುತ್ತೇವೆ. ಒಂದು ಫೋನು, ವೈರಿರುವ ಒಂದು ಇಯರ್‌ಫೋನು. ಬಲಗಡೆಯ ಕಿಟಕಿ ಪಕ್ಕದ ಸೀಟು ಅಕ್ಕನದು, ಹಾಗಾಗಿ ಬಲಗಿವಿಯ ತುದಿ ಅವರಿಗೆ, ಎಡಗಿವಿಯದು ನನಗೆ. ನೋಡುವುದು ಹಿಂದಿ ಡಬ್ಬಿಂಗಿನಲ್ಲಿ. ಕೆಳಗೆ ಅಕ್ಷರ ಹಾಕುವಂತಿಲ್ಲ; ಕುಲುಕಾಟದಲ್ಲಿ ಓದಿದರೆ ಅಕ್ಕನಿಗೆ ಹೊಟ್ಟೆ ತೊಳೆಸುತ್ತದೆ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ನೋಡಬಾರದು. ಇದು ನಮ್ಮ ಒಪ್ಪಂದ.

ಸರಣಿಯ ನಾಯಕಿ ಒಬ್ಬ ನರ್ಸ್. ಅವಳು ಗೋಡೆಯೊಳಗಿಂದ ನಡೆದು ಹೋಗಬಲ್ಲಳು. ಆ ಆಸ್ಪತ್ರೆಯಲ್ಲಿ ಸತ್ತವರು ಅವಳ ಬೆನ್ನ ಹಿಂದೆ ನೆರಳಿನಲ್ಲಿ ನಿಂತಿರುತ್ತಾರೆ, ಮುಖ ಕಾಣುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಅವರ ಮೌನ. ನರ್ಸ್ ಪ್ರಶ್ನೆ ಕೇಳುತ್ತಾಳೆ, ಸತ್ತವರು ಏನೂ ಹೇಳುವುದಿಲ್ಲ, ಅವಳು ಆ ಮೌನಕ್ಕೇ ತಲೆಯಾಡಿಸಿ ಎದ್ದು ಹೋಗುತ್ತಾಳೆ. ಎಷ್ಟು ಧೈರ್ಯದ ನಿರ್ದೇಶನ ಎಂದು ಆಫೀಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೆ. ಹಿಂದಿನ ಸೀಸನ್ನಿನ ಕೊನೆಯ ಬಗ್ಗೆ ಮಾತ್ರ ನನಗೂ ಅಕ್ಕನಿಗೂ ವರ್ಷವಿಡೀ ಜಗಳ.

“ಆ ಸತ್ತ ಮುದುಕ ಹೇಳಿದ್ನಲ್ಲ, ಕೀಲಿ ಗ್ವಾಡಿ ಹಿಂದ ಅದ ಅಂತ.”

“ಅವನು ಬಾಯೇ ಬಿಡ್ಲಿಲ್ಲ ಅಕ್ಕ.”

“ನೀ ನಿದ್ದಿ ಹೊಡ್ಯಾಕ ಹತ್ತಿದ್ದಿ. ನಿಮ್ಮ ತುಮಕೂರ ಮಂದಿ ಕಣ್ಣ ತೆರಕೊಂಡ ಮಲಗ್ತೀರೇನ?”

ಸೋಮವಾರ ಶುರು ಮಾಡಿದೆವು. ಮೊದಲಿಗೆ ಹಿಂದಿನ ಕಥೆಯನ್ನು ಎರಡು ನಿಮಿಷಕ್ಕೆ ಇಳಿಸಿ ತೋರಿಸುತ್ತಾರೆ. ಅದರ ಮೇಲೆ ನನಗೆ ಯಾವತ್ತೂ ಸಂಶಯ. ಅಲ್ಲಿ ನರ್ಸ್ ಎಲ್ಲವನ್ನೂ ಮೊದಲೇ ತಿಳಿದವಳಂತೆ ಕಾಣುತ್ತಾಳೆ. ಅವಳು ಸುಮ್ಮನೆ ಅಲೆದಾಡಿದ ಕಂತುಗಳೆಲ್ಲ ಮಾಯ. ಆದರೆ ಅದು ಮುಗಿದು ಕಥೆ ತೆರೆದುಕೊಂಡ ಮೇಲೆ ನಾನು ಪೂರ್ತಿ ಸೋತುಹೋದೆ. ಮೊದಲ ದೃಶ್ಯದಲ್ಲಿ ಅವಳು ಮನೆಗೆ ಬಂದು ತಲೆ ಬಾಚಿಕೊಳ್ಳುತ್ತಾಳೆ. ಕೂದಲಿನಿಂದ ಸುಣ್ಣ ಉದುರುತ್ತದೆ. ಬಾಚುತ್ತಾಳೆ, ಉದುರುತ್ತದೆ. ಅಷ್ಟೇ. ಗೋಡೆ ದಾಟುವವಳಿಗೆ ಆ ಗೋಡೆ ಮೈಗೆ ಹತ್ತುತ್ತದೆ ಎಂಬುದು ಯಾರಿಗೆ ಹೊಳೆದೀತು? ಶಕ್ತಿ ಇದ್ದವಳಿಗೆ ಸುಸ್ತೂ ಇದೆ ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಅಕ್ಕ ಮಡಿಲಲ್ಲಿದ್ದ ತಮ್ಮ ಲ್ಯಾಬ್ ಕೋಟಿನ ತೋಳನ್ನು ಒಮ್ಮೆ ಝಾಡಿಸಿದರು.

ಬುಧವಾರ ಬಸ್ಸಿನ ಕಿಟಕಿ ಗಾಜು ಕೆಳಗಿಳಿದು ಸಿಕ್ಕಿಹಾಕಿಕೊಂಡಿತು. ಬುಧವಾರ ಎಂದು ಬರೆದೆ, ಮಂಗಳವಾರವೂ ಇರಬಹುದು. ಗಾಳಿಗೆ ಕುತ್ತಿಗೆ ಹಿಡಿಯುತ್ತದೆಂದು ಅಕ್ಕ ನನ್ನನ್ನು ಕಿಟಕಿ ಕಡೆ ಕೂರಿಸಿದರು. ತುದಿಗಳು ಅದಲುಬದಲಾದವು. ಖರಾಡಿ ದಾಟುವಾಗ ನರ್ಸ್ ಒಂದು ಖಾಲಿ ಮಂಚದ ಮುಂದೆ ನಿಂತಳು. ಆಗ ನನ್ನ ಬಲಗಿವಿಯ ಹಿಂದೆ, ಹತ್ತಿರದಲ್ಲೇ, ಒಬ್ಬ ಮುದುಕ ಪಿಸುಮಾತಿನಲ್ಲಿ ನೀರು ಕೇಳಿದ. ನಾನು ಹೆದರಿ ಹಿಂದಿನ ಸೀಟಿನತ್ತ ತಿರುಗಿ ನೋಡಿದೆ. ಅಲ್ಲಿ ಸ್ಟೋರ್ಸಿನ ಇಬ್ಬರು ನಿದ್ದೆ ಮಾಡುತ್ತಿದ್ದರು.

ಅಕ್ಕ ಫೋನನ್ನು ಮೇಲಕ್ಕೆತ್ತಿ ಅಲ್ಲಾಡಿಸುತ್ತಿದ್ದರು. “ಇವತ್ತ ಯಾಕ ಸತ್ತವರು ಯಾರೂ ಮಾತಾಡವಲ್ರು? ಇದ ಕೆಟ್ಟದೇನ?”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸತ್ತವರ ಮಾತನ್ನು ಬಲಗಡೆಗೆ ಮಾತ್ರ ಇಟ್ಟಿದ್ದರು. ಎರಡೂ ಕಿವಿಗೆ ಹಾಕಿಕೊಂಡವರಿಗೆ ಅದು ಬೆನ್ನ ಹಿಂದಿನಿಂದ ಬರುತ್ತದೆ. ನಮ್ಮ ಬಸ್ಸಿನಲ್ಲಿ ಇಡೀ ಒಂದು ಸೀಸನ್ ಸತ್ತವರೆಲ್ಲ ಅಕ್ಕನ ಪಾಲಿಗೆ ಹೋಗಿದ್ದರು, ನನ್ನ ಪಾಲಿಗೆ ಬದುಕಿದ್ದವರು ಮಾತ್ರ ಬಂದಿದ್ದರು.

ಹೇಳಿದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಮತ್ತ ಮೌನ, ಮೌನ ಅಂತ ಊರೆಲ್ಲಾ ಹೇಳ್ಕೋತ ಬಂದೆಲ್ಲವಾ.”

“ನೀವಾದ್ರೂ ಹೇಳಬಾರ್ದಿತ್ತಾ?”

“ನನಗೇನ್ ಗೊತ್ತು? ನಿನಗ ಹಿಂದಿ ತಿಳಿಯಂಗಿಲ್ಲ ಅಂದ್ಕೊಂಡಿದ್ದೆ.”

ನನಗೆ ನಾಚಿಕೆಯಾಯಿತು ಎಂದು ಬರೆದರೆ ಅರ್ಧ ಸುಳ್ಳು. ಇಲ್ಲದ ಮೌನವನ್ನು ಮೆಚ್ಚಿದ್ದೆ, ನಿಜ. ಇದ್ದ ಪಿಸುಮಾತನ್ನು ಈಗ ಇನ್ನೂ ಹೆಚ್ಚು ಮೆಚ್ಚಿದೆ. ಆದರೂ ನಾನು ನೋಡಿದ್ದ ಆ ಮೂಕ ಸರಣಿ ಬೇರೆ ಯಾರಲ್ಲೂ ಇಲ್ಲವಲ್ಲ ಎಂದು ಸಣ್ಣ ಜಂಬವೂ ಇತ್ತು. ಅಂದಿನಿಂದ ದಿನ ಬಿಟ್ಟು ದಿನ ಬಲಗಿವಿ ನನ್ನದಾಯಿತು.

ಶನಿವಾರ ಕೊನೆಯ ಕಂತು. ಅದು ಉಳಿದವಕ್ಕಿಂತ ಉದ್ದ, ಹೆಚ್ಚುಕಡಿಮೆ ಒಂದೂವರೆ ಗಂಟೆ. ವಾಘೋಲಿಯಲ್ಲಿ ದಿನಾ ಅರ್ಧ ಗಂಟೆ ಬಸ್ ನಿಂತೇ ಇರುತ್ತದೆ, ಅದರಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆವು. ಅವತ್ತು ವಾಘೋಲಿಯಲ್ಲಿ ಒಂದು ಟ್ರಕ್ಕೂ ಅಡ್ಡ ಬರಲಿಲ್ಲ.

“ಆಜ್ ರಸ್ತಾ ಮೋಕಳಾ ಆಹೆ, ತಾಯಿ,” ರಸ್ತೆ ಖಾಲಿ ಇದೆ ಎಂದು ಡ್ರೈವರ್ ಮರಾಠಿಯಲ್ಲಿ ಖುಷಿಯಿಂದ ಹಿಂದೆ ಕೂಗಿದ.

“ಇವನ ರಸ್ತಾಕ್ಕ ಬೆಂಕಿ ಹಚ್ಚ,” ಎಂದರು ಅಕ್ಕ, ಕನ್ನಡದಲ್ಲಿ. ಮರಾಠಿಯಲ್ಲಿ ಅವನಿಗೆ, ಸಾವಕಾಶ ಹೋಗಪ್ಪ, ಗಡಿಬಿಡಿ ಏನಿದೆ ಎಂದರು. ಅವನು ಕೇಳಲಿಲ್ಲ.

ಗೇಟಿನ ಮುಂದೆ ಇಳಿದಾಗ ಹದಿನೆಂಟು ನಿಮಿಷ ಉಳಿದಿತ್ತು. ಅವತ್ತು ಸಂಕಷ್ಟಿ, ಅಕ್ಕನ ಮನೆಯವರು ರಾಂಜಣಗಾಂವದ ಗಣಪತಿ ಗುಡಿಗೆ ಬರುವವರಿದ್ದರು, ಸಂಜೆ ಅವರ ಕಾರಿನಲ್ಲೇ ಅಕ್ಕ ವಾಪಸು ಹೋಗುತ್ತಾರೆ. ಸೋಮವಾರದಿಂದ ಬೇರೆ ಬಸ್ಸು.

“ಮನೇಲಿ ನೋಡ್ಕೊಳ್ಳಿ ಅಕ್ಕ, ನನ್ನ ಪಾಸ್‌ವರ್ಡ್ ಕೊಡ್ತೀನಿ.”

“ನೀ ನೋಡ್ತೀಯೇನ?”

“ಇಲ್ಲ.”

“ಮತ್ತ?” ಎಂದು ವೈರನ್ನು ಸುತ್ತಿ ನನ್ನ ಅಂಗೈಗೆ ಹಾಕಿ ಒಳಗೆ ಹೋದರು.

ಸೋಮವಾರ ಮಧ್ಯಾಹ್ನ ನಾನು ಚಹಾದ ಬಿಡುವಿನಲ್ಲಿ ಗೇಟಿನ ಹೊರಗೆ ಸೈಕಲ್ ಶೆಡ್ಡಿನ ಹತ್ತಿರ ನಿಂತಿದ್ದೆ. ಎರಡನೇ ಪಾಳಿಯ ಬಸ್ಸು ಮೂರು ಇಪ್ಪತ್ತಕ್ಕೆ ಬಂತು. ಮೂರೂವರೆಗೆ ಅಕ್ಕ ಕೋಟು ಹಾಕಿಕೊಂಡು ಒಳಗಿರಬೇಕು. ಬರುತ್ತಲೇ, “ತಗೀ ತಗೀ” ಎಂದರು. ಮೂರು ನಿಮಿಷ ನೋಡಿದೆವು. ಮರುದಿನ ಮತ್ತೆ ಮೂರು. ವಾಚ್‌ಮನ್ ಕೇಳಿದಾಗ ಅಕ್ಕ, ಆಸ್ಪತ್ರೆ ವಿಷಯ ಎಂದು ಮರಾಠಿಯಲ್ಲಿ ಹೇಳಿದರು. ಅದು ಸುಳ್ಳೂ ಅಲ್ಲ.

ಹೀಗೆ ನೋಡಿದರೆ ಸರಣಿ ಹಾಳಾಗಬೇಕಿತ್ತು. ಆಗಲಿಲ್ಲ. ಅದರ ಪ್ರತಿ ಮೂರು ನಿಮಿಷದಲ್ಲೂ ಮರುದಿನದವರೆಗೆ ಹಿಡಿದುಕೊಂಡಿರಲು ಏನಾದರೂ ಇತ್ತು: ಒಂದು ಬಟ್ಟಲು, ಆರಿಸದೆ ಬಿಟ್ಟ ದೀಪ, ಗೋಡೆಯ ಮೇಲೆ ಅಂಗೈಯ ಗುರುತು.

ಮುಂದಿನ ಶನಿವಾರ ಕೊನೆಯ ಮೂರು ನಿಮಿಷ. ಬಲಗಿವಿ ಅಕ್ಕನ ಸರದಿ. ನರ್ಸ್ ತನ್ನ ಮನೆಯ ಗೋಡೆಯೆದುರು ನಿಂತಿದ್ದಳು. ಮುದುಕ ಹಿಂದೆ ಬಂದು ನಿಂತ. ನನ್ನ ಕಿವಿಯಲ್ಲಿ ಅವಳ ಉಸಿರು ಮಾತ್ರ. ಆಗ ಅಕ್ಕ ನನ್ನ ಖಾಲಿ ಕಿವಿಗೆ ಬಾಯಿ ತಂದು, ಕೇಳಿಸಿಕೊಂಡದ್ದನ್ನು ಹೇಳತೊಡಗಿದರು.

“ಭಾಳ ದಣದಿ ಮಗಳ. ಗ್ವಾಡಿ ದಾಟೂದು ಸಾಕು. ಬಾಗಲಾ ತಗದ ಹೋಗು.” ಒಂದು ಕ್ಷಣ ತಡೆದು, “ತಲಿಗೆ ನೀರ ಹಾಕ್ಕೋ ಮೊದಲ. ಸುಣ್ಣ ಆಗೇದ.”

ಪರದೆಯಲ್ಲಿ ನರ್ಸ್ ಗೋಡೆ ಬಿಟ್ಟು ಬಾಗಿಲಿನತ್ತ ಹೋದಳು. ಕೈ ಚಾಚಿ ಚಿಲಕ ತೆಗೆದಳು. ಎರಡು ಸೀಸನ್ನಿನಲ್ಲಿ ಅವಳು ಚಿಲಕ ಮುಟ್ಟಿದ್ದು ಅದೇ ಮೊದಲು.

ಅಕ್ಕ ಇಯರ್‌ಫೋನಿನ ತುದಿ ಕಿತ್ತು ಕೊಟ್ಟು, ಸೀರೆ ಎತ್ತಿ ಹಿಡಿದು ಗೇಟಿಗೆ ಓಡಿದರು. ಸುಣ್ಣದ ಮಾತು ಮುದುಕನದಲ್ಲ ಎಂಬುದು ನನಗೆ ಹೆಚ್ಚುಕಡಿಮೆ ಖಾತ್ರಿ. ಬಾಗಿಲಿನ ಮಾತು ಅವನದೇ ಇರಬೇಕು. ಮತ್ತೆ ಹಾಕಿ ಕೇಳಿದರೆ ತಿಳಿಯುತ್ತದೆ. ಇಲ್ಲಿಯವರೆಗೆ ಹಾಕಿಲ್ಲ.