ಒಂದು ಮೊರ ಜೋಳಕ್ಕೆ ಕೊಂಡ ಅವ್ವ

ಮೊನ್ನೆ ಚಿಂಚೋಳಿ ಸಂತೆಯಿಂದ ಸೊಸೆ ಹೊಸ ಮೊರ ತಂದಳು. ಸಂದು ಮುಚ್ಚಲೆಂದು ಸೆಗಣಿ ಬಳಿದು, ಮೇಲೆ ನೆನೆಸಿ ಅರೆದ ಮೆಂತ್ಯ ಹಚ್ಚಿ, ಅಂಗಳದ ಬಿಸಿಲಿಗೆ ಇಟ್ಟಿದ್ದಳು. ಹಸಿ ಬಿದಿರು, ಸೆಗಣಿ, ಮೆಂತ್ಯ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನನ್ನು ಕೊಂಡುಕೊಂಡಿದ್ದ ಅವ್ವ ಕಣ್ಣೆದುರು ನಿಂತಳು...

ಕೊಂಡುಕೊಂಡಿದ್ದಳು ಎಂದದ್ದು ತಮಾಷೆಗಲ್ಲ. ನನಗಿಂತ ಮೊದಲು ಹುಟ್ಟಿದ ಮಕ್ಕಳಲ್ಲಿ ಒಂದೂ ನನ್ನನ್ನು ಹೆತ್ತ ನಮ್ಮವ್ವನಿಗೆ ಉಳಿದಿರಲಿಲ್ಲ. ನಮ್ಮ ಸೇಡಂ ಸೀಮೆಯಲ್ಲಿ ಹಾಗಾದರೆ ಮುಂದಿನ ಕೂಸನ್ನು ಮಾರಿಬಿಡುತ್ತಿದ್ದರು. ನೆಪಕ್ಕೆ ಮಾತ್ರ. ಕೂಸು ಈ ಮನೆಯದಲ್ಲ ಎಂದು ತಿಳಿದರೆ ಸಾವು ಇತ್ತ ಹಾಯುವುದಿಲ್ಲ ಎಂಬ ನಂಬಿಕೆ. ಕೊಳ್ಳುವವರು ಊರಲ್ಲಿ ಎಲ್ಲರಿಗಿಂತ ಕೆಳಗಿನವರಾಗಿರಬೇಕು. ಅದಕ್ಕೆ ನಮ್ಮ ಓಣಿಯ ಕಸ ಹೊಡೆಯುವ, ಊರ ಹೊರಗಿನ ಕೇರಿಯ ಹೆಂಗಸನ್ನು ಕರೆಸಿದರು. ಹಸಿಗೂಸಾಗಿದ್ದ ನನ್ನನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಸರಿಸಿದರು. ಆಕೆ ಎತ್ತಿ ಎದೆಗೆ ಒತ್ತಿಕೊಂಡು ಅಂಗಳದ ಬಾಗಿಲತನಕ ಹೋಗಿ ಬಂದು, ಮತ್ತೆ ಮೊರದಲ್ಲಿಟ್ಟಳಂತೆ. ಕೊಟ್ಟ ಬೆಲೆ ಒಂದು ಮೊರ ಜೋಳ. ಆ ಜೋಳವೂ ನೆಲದಡಿ ಕಾಳು ತುಂಬಿಡುವ ನಮ್ಮ ಹಗೇವಿನದೇ, ಹಿಂದಿನ ದಿನ ನಾವೇ ಆಕೆಗೆ ಅಳೆದು ಕೊಟ್ಟದ್ದು.

ಮದುವೆಗೆ ಮುಂಚೆ ಕೊಂಡವರು ಕೈಹಿಡಿದು ಮಗಳನ್ನು ಹೆತ್ತವರಿಗೆ ಹೊಳ್ಳಿ ಒಪ್ಪಿಸಿ, ಜೋಳ ಸೀರೆ ಪಡೆದು ಹೋಗಬೇಕು. ಅಲ್ಲಿಯವರೆಗೆ ನಾನು ಆಕೆಯ ಮಗಳು. ಮಗಳಾದರೂ ಆಕೆ ನನ್ನನ್ನು ಮುಟ್ಟುವಂತಿರಲಿಲ್ಲ. ಪ್ರತಿ ಪಂಚಮಿಗೆ ಹಸಿರು ಬಳೆ ತಂದು ಕಟ್ಟೆಯ ತುದಿಗಿಟ್ಟು ಹಿಂದೆ ಸರಿದು ನಿಲ್ಲುವಳು. ಆಯಿ, ಎಂದರೆ ನಮ್ಮಜ್ಜಿ, ನೀರು ಚಿಮುಕಿಸಿದ ಮೇಲೆ ನಾನು ತೊಡಬೇಕು. ಬಳೆ ಯಾವಾಗಲೂ ದೊಡ್ಡವೇ ಆಗುತ್ತಿದ್ದವು. ಕೈ ಹಿಡಿದು ನೋಡಿದ್ದರಲ್ಲವೇ ಅಳತೆ ಗೊತ್ತಾಗುವುದು.

“ನಿನ್ನ ಮದುವಿ ದಿನಾ ನೋಡವ್ವ, ಕೈ ಹಿಡದು ಒಪ್ಪಸ್ತೀನಿ. ಅವತ್ತ ಯಾರೂ ಬ್ಯಾಡ ಅನ್ನಂಗಿಲ್ಲ,” ಎನ್ನುವಳು. ಮಗಳು ಮದುವೆಯಾಗಿ ಹೋಗುತ್ತಾಳೆಂದು ತಾಯಂದಿರು ಅಳುತ್ತಾರೆ. ಈಕೆ ಅದೇ ದಿನದ ದಾರಿ ಕಾಯುತ್ತಿದ್ದಳು.

ನನಗೆ ಪ್ರಶ್ನೆ ಕೇಳುವ ಚಟ. ಆ ಅವ್ವ ಒಳಗೆ ಯಾಕೆ ಬರುವುದಿಲ್ಲ ಎಂದು ಮನೆಮಂದಿಯನ್ನೆಲ್ಲ ಕಾಡಿದೆ. ಹಿಂದಿನ ಜನ್ಮದ ಫಲ ಎಂದಳು ಆಯಿ. ಆ ಕೇರಿಯವರಿಗೆ ಕಳವು ರಕ್ತದಲ್ಲೇ ಬಂದದ್ದು ಎಂದ ಅಪ್ಪ. ಯಾರ ಕುರಿ ಕಾಣೆಯಾದರೂ ಮೊದಲು ಆಕೆಯ ಗಂಡನನ್ನು ಚಾವಡಿಗೆ ಎಳೆದೊಯ್ದು ಬಡಿಯುತ್ತಿದ್ದರು. ಕುರಿ ಯಾರದೋ ಹೊಲದಲ್ಲಿ ಸಿಕ್ಕ ಮೇಲೆ ಬಿಡುತ್ತಿದ್ದರು. ಅಷ್ಟಾದರೂ ಅಪ್ಪನ ಮಾತು ಬದಲಾಗಲಿಲ್ಲ. ಗುಲಬರ್ಗಾದಲ್ಲಿ ಉರ್ದು ಸಾಲೆ ಓದಿ ಬಂದಿದ್ದ ಕಾಕಾ, ಓದು ಬಂದರೆ ಎಲ್ಲ ಸರಿಹೋಗುತ್ತದೆ ಎಂದ. ಆಕೆಯ ಮಗ ಸಾಲೆಗೆ ಹೋಗಿ, ಬಾಗಿಲ ಹೊರಗೆ ಕೂರಿಸಿದರೆಂದು ಹೊಳ್ಳಿ ಬಂದದ್ದು ಅವನಿಗೂ ಗೊತ್ತಿತ್ತು. ಕೊನೆಗೆ ಮುತ್ಯಾನನ್ನು, ಎಂದರೆ ನಮ್ಮಜ್ಜನನ್ನು, ಕೇಳಿದೆ. ದಿನಾ ಲಿಂಗಪೂಜೆ ಮುಗಿಸಿ ವಚನ ಓದುವವನು, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ನಮಗೆ ಕಲಿಸಿದವನು. ವಚನದ ಪುಸ್ತಕ ಮುಚ್ಚಿಟ್ಟು, “ಊರು ಅಂತ ಒಂದ ಐತಲ್ಲವ್ವ,” ಎಂದ.

ನನಗೆ ಚಿಂಚೋಳಿಯ ಸಂಬಂಧ ಕೂಡಿಬಂತು. ಅರಿಶಿನ ಹಚ್ಚಿದ ದಿನ ಆಕೆಯನ್ನು ಕರೆಸಿದರು. ಒಗೆದ ಸೀರೆ ಉಟ್ಟಿದ್ದಳು. ಕೈಗಳನ್ನು ಎಷ್ಟು ತಿಕ್ಕಿ ತೊಳೆದಿದ್ದಳೋ, ಬೆರಳು ಕೆಂಪಾಗಿದ್ದವು. ನಾನು ಕಟ್ಟೆಯ ಪಾವಟಿಗೆ ಮೆಟ್ಟಿಲು ಇಳಿದು ಆಕೆಯತ್ತ ಹೊರಟೆ. ಆಯಿ ಅಡ್ಡ ಬಂದಳು.

“ಅರಿಶಿಣ ಹಚ್ಚಿದ ಮೈ ಅದ, ಮುಟ್ಟಬ್ಯಾಡ. ಹೊಳ್ಳಿ ಕೊಟ್ಟೀನಿ ಅಂತ ಬಾಯಿಲೆ ಹೇಳು, ಸಾಕು.”

ಆಕೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. ಹೇಳಿದಳು: “ನಾ ಬಾಯಿಲೆ ಕೊಂಡಿಲ್ರೀ ಅವ್ವಾರ. ಕೈಲೆ ತಗೊಂಡೀನಿ, ಕೈಲೇ ಕೊಡತೀನಿ.”

ಅಪ್ಪ ಗದರಿದ. ಮುತ್ಯಾ ತಲೆ ಎತ್ತಲಿಲ್ಲ. ನನ್ನ ಎರಡೂ ರಟ್ಟೆಗಳನ್ನು ಸೋದರತ್ತೆಯರು ಬಿಗಿಯಾಗಿ ಹಿಡಿದಿದ್ದರು. ಆಕೆ ಜೋಳದ ಕಡೆ, ಸೀರೆಯ ಕಡೆ ನೋಡಲೂ ಇಲ್ಲ. “ಹಂಗಾರ ನಾ ಕೊಡಂಗಿಲ್ರೀ,” ಎಂದಳು. ನನ್ನತ್ತ ತಿರುಗಿ, “ಛಲೋ ಬಾಳವ್ವ ಮಗಳ,” ಎಂದು ಹೋಗಿಬಿಟ್ಟಳು. ಮುಹೂರ್ತ ಮೀರುತ್ತದೆಂದು ಮನೆಯವರು ಆ ಮಾತನ್ನು ಅಲ್ಲಿಗೇ ಮುಚ್ಚಿದರು. ಮದುವೆ ಆಯಿತು, ನಾನು ಚಿಂಚೋಳಿಗೆ ಬಂದೆ. ಅದಾದ ಮೇಲೆ ತವರಿಗೆ ಹೋದಾಗಲೆಲ್ಲ ಅಂಗಳ ನೋಡುತ್ತಿದ್ದೆ. ಓಣಿಯ ಕಸ ಬೇರೆ ಯಾರೋ ಹೊಡೆಯುತ್ತಿದ್ದರು...

ನಿಜಾಮನ ರಾಜ್ಯ ಮುಗಿಯುವ ಗಲಾಟೆಯ ದಿನಗಳಲ್ಲಿ ಆಕೆಯ ಮಗ ಸೇಡಂನಿಂದ ನಡೆದುಕೊಂಡೇ ಬಂದು ನಮ್ಮ ಬಾಗಿಲಲ್ಲಿ ನಿಂತ. “ಅವ್ವ ಹೋದಳ್ರೀ ಅಕ್ಕಾರ. ಮಗಳಿಗಿ ಹೇಳಿ ಬಾ ಅಂದಿದ್ದಳು,” ಎಂದಷ್ಟೇ ಹೇಳಿದ. ಅವನಿಗೆ ನೀರು ಕೊಟ್ಟು ಕಳಿಸಿ ಒಳಗೆ ಬಂದೆ. ಯಾರು ತೀರಿಹೋದದ್ದು ಎಂದು ಅತ್ತೆ ಕೇಳಿದರು. ನಮ್ಮವ್ವ ಎಂದೆ. ಹೆತ್ತ ತಾಯಿಯೇ ಹೋದಳೆಂದು ತಿಳಿದು ಅತ್ತೆ, ನಾದಿನಿಯರು ಸುತ್ತ ಕೂತು ದನಿ ತೆಗೆದು ಅಳತೊಡಗಿದರು. ತಿದ್ದಬೇಕಿತ್ತು, ಆಮೇಲೆ ತಿದ್ದಿದೆ ಕೂಡ. ಆದರೆ ಅಷ್ಟು ಹೊತ್ತು ನಡುಮನೆಯಲ್ಲಿ ಆಕೆಗಾಗಿ ಅಳು ಎದ್ದಿತ್ತಲ್ಲ, ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಈಗ ಅವರ್ಯಾರೂ ಉಳಿದಿಲ್ಲ. ನನ್ನನ್ನು ಯಾರೂ ಹೊಳ್ಳಿ ಕೊಡಲಿಲ್ಲ, ಹಾಗಾಗಿ ಆ ಪದ್ಧತಿಯ ಪ್ರಕಾರ ನಾನು ಇಂದಿಗೂ ಆಕೆಯ ಮಗಳೇ. ಹಾಗೆಂದುಕೊಂಡರೆ ಸಂತೋಷವಾಗುತ್ತದೆ, ಮರುಗಳಿಗೆಗೆ ಸಂಕಟವೂ ಆಗುತ್ತದೆ. ಆಕೆಯ ಮುಖ ನೆನಪಿದೆ, ದನಿ ನೆನಪಿದೆ. ಕೈ ಒರಟಿತ್ತೋ ಮೆತ್ತಗಿತ್ತೋ ಗೊತ್ತಿಲ್ಲ. ಆಕೆ ನನ್ನನ್ನು ಎತ್ತಿಕೊಂಡದ್ದು ಒಂದೇ ಸಲ, ಆಗ ನಾನು ಕಣ್ಣು ಬಿಟ್ಟು ನೋಡಲೂ ಬಾರದ ಕೂಸು. ಅದೊಂದು ನೆನಪಿದ್ದಿದ್ದರೆ ಎಂದು ಈ ವಯಸ್ಸಿನಲ್ಲೂ ಆಸೆಪಡುತ್ತೇನೆ.