ಹುಳು ಒಪ್ಪಿದರೆ ಟ್ಯಾಂಕು ಪಾಸು

ಬೆಳಗಿನ ಐದೂವರೆ. ಜಂಗಮಕೋಟೆಯ ಹೊರಗೆ, ಶಿಡ್ಲಘಟ್ಟ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೇ ಜೀಪೊಂದು ನಿಂತಿದೆ. ಅದರ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿವೆ.

"ಈ ಬೋಲ್ಟು ನಂಗಿಂತ ಹಠಮಾರಿ ಕಣಮ್ಮ. ಮೂವತ್ತು ವರ್ಷದಿಂದ ಇಲ್ಲೇ ಮನೆ ಮಾಡ್ಕೊಂಡೈತೆ, ಖಾಲಿ ಮಾಡು ಅಂದ್ರೆ ಮಾಡುತ್ತಾ?" ಎನ್ನುತ್ತದೆ ಆ ಕಾಲುಗಳ ಒಡೆಯನ ದನಿ.

ಒಡೆಯನ ಹೆಸರು ಆಂಜನಪ್ಪ, ವಯಸ್ಸು ಐವತ್ತೆಂಟು. ಊರವರ ಬಾಯಲ್ಲಿ ಟ್ಯಾಂಕ್ ಆಂಜನಪ್ಪ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ ಇನ್ನೂ ಓಡಾಡುತ್ತಿರುವ ಹಳೇ ಜೀಪುಗಳ ಡೀಸೆಲ್ ಟ್ಯಾಂಕು ಬದಲಿಸುವುದು ಇವರ ಕಸುಬು. ತಿಂಗಳಿಗೆ ಆರೇಳು ಟ್ಯಾಂಕು, ಉಳಿದ ದಿನ ರೇಡಿಯೇಟರು, ಸೈಲೆನ್ಸರು. ಹೊಸ ಗಾಡಿಗಳು ಕೆಸರಿನ ಓಣಿ ಕಂಡರೆ ಮುಖ ಸಿಂಡರಿಸುತ್ತವೆ. ಈ ಮುದಿ ಜೀಪುಗಳು ನಾಲ್ಕೂ ಚಕ್ರ ತಿರುಗಿಸಿಕೊಂಡು, ಸೊಪ್ಪಿನ ಹೊರೆ ಹೊತ್ತು, ಗೊಣಗುತ್ತಲೇ ದಾಟಿ ಬರುತ್ತವೆ.

ಆದರೆ ಡೀಸೆಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ, ಸೊಪ್ಪು ತುಂಬುವುದು ಅದರ ಬೆನ್ನಿಗೇ. ಟ್ಯಾಂಕು ತುಕ್ಕು ಹಿಡಿದು ಜಿನುಗಿತೋ, ಸೊಪ್ಪಿಗೆ ವಾಸನೆ ಅಂಟುತ್ತದೆ. ರೇಷ್ಮೆ ಹುಳು ಅದನ್ನು ಮೂಸಿಯೂ ನೋಡುವುದಿಲ್ಲ.

ಇವತ್ತಿನ ಜೀಪು ವೆಂಕಟರವಣಪ್ಪನವರದು. ತಂದವರು ಅವರ ಸೊಸೆ ಜ್ಯೋತಿಲಕ್ಷ್ಮಿ. ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿದೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಹತ್ತು ಗಂಟೆಯೊಳಗೆ ತೋಟದಿಂದ ಸೊಪ್ಪು ಹೋಗಲೇಬೇಕು.

"ಸೋರ್ತಾ ಇತ್ತು, ಬಟ್ಟೆ ಸೋಪು ಮೆತ್ತಿದ್ದೆ ಅಣ್ಣ," ಎಂದು ಜ್ಯೋತಿಲಕ್ಷ್ಮಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

"ಒಳ್ಳೇದೇ ಮಾಡಿದ್ದೀಯ. ಸೋಪು ಇಲ್ದಿದ್ರೆ ಈ ಜಿಲ್ಲೇಲಿ ಅರ್ಧ ಜೀಪು ನಿಂತೋಗ್ತಿದ್ವು," ಎಂದು ಜೀಪಿನಡಿಯಿಂದ ನಗು ಬರುತ್ತದೆ.

ನಕ್ಕರೂ ಆಂಜನಪ್ಪನವರಿಗೆ ಇವತ್ತು ಸಮಾಧಾನವಿಲ್ಲ. ಈ ಜೀಪು ಕೊನೆಯ ಸಲ ಈ ಶೆಡ್ಡಿಗೆ ಬಂದು ಹನ್ನೊಂದು ವರ್ಷವಾಯಿತು. ಆಗ ಇದೇ ಟ್ಯಾಂಕಿಗೆ ತೇಪೆ ಹಾಕಿದವರೂ ಇವರೇ. ಕೆಲಸ ಮುಗಿಸಿ, ಜೀಪಿನ ಹಿಂದೆ ಬಿದ್ದಿದ್ದ ಒದ್ದೆ ಗೋಣಿ ತಾಟಿಗೆ ಕೈ ಒರೆಸಿಕೊಂಡಿದ್ದರು. ಸೊಪ್ಪು ಬಾಡದಂತೆ ಹೊದಿಸುವ ತಾಟು ಅದು! ಎರಡೇ ದಿನದಲ್ಲಿ ಹುಳು ಮೇವು ಬಿಟ್ಟವು. ಒಂದು ಬೆಳೆ ಪೂರ್ತಿ ತಿಪ್ಪೆ ಸೇರಿತು.

"ವೆಂಕಟರವಣಪ್ಪನವರು ಒಂದು ಮಾತು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಜೀಪು ಮಾತ್ರ ಚಿಕ್ಕಬಳ್ಳಾಪುರಕ್ಕೆ ಹೋಗೋಕೆ ಶುರುವಾಯ್ತು. ಇದೇ ಶೆಡ್ಡಿನ ಮುಂದೇನೇ ಹೋಗೋರು," ಎನ್ನುವಾಗ ಆಂಜನಪ್ಪ ಸ್ಪ್ಯಾನರನ್ನು ವಿನಾಕಾರಣ ತಿರುವುತ್ತಾರೆ.

ಆ ತಪ್ಪಿನ ಮೇಲೆ ಹುಟ್ಟಿದ್ದೇ ಇವತ್ತಿನ ಕಟ್ಟುಪಾಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಾಲಿನ ಡೈರಿಯ ಕ್ಯಾನುಗಳಿಗೆ ಬೆಸುಗೆ ಹಾಕುತ್ತಿದ್ದ ಇವರಿಗೆ ತೂತು ಹುಡುಕುವುದು ಆಗಲೇ ಕರಗತ. ಹೊಸ ಟ್ಯಾಂಕಿಗೂ ಹಿಂದಿನ ದಿನವೇ ಹೊರಗೆಲ್ಲ ಸುಣ್ಣ ಬಳಿದು, ಒಳಗೆ ಡೀಸೆಲ್ ತುಂಬಿ ಇಡುತ್ತಾರೆ. ಎಲ್ಲಿ ಜಿನುಗಿದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ. "ಟ್ಯಾಂಕಿಗೇನು ಮದುವೆನಾ?" ಎಂದು ಹೋಗುವವರು ಬರುವವರು ರೇಗಿಸುತ್ತಾರೆ. ಇವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಏಳೂಕಾಲಕ್ಕೆ ಹಳೇ ಟ್ಯಾಂಕು ಸೋಪಿನ ಸಮೇತ ಹೊರಬರುತ್ತದೆ. ಸುಣ್ಣ ತೊಳೆದುಕೊಂಡ ಹೊಸದು ಒಳಗೆ ಕೂರುತ್ತದೆ. ಕುಲುಕಾಟಕ್ಕೆ ಉಜ್ಜಿ ಸವೆಯದಿರಲೆಂದು ಅಡಿಗೆ ಹಳೇ ಟ್ಯೂಬಿನ ರಬ್ಬರು. ಪೈಪು ಬಿಗಿದು, ಗಾಳಿ ತೆಗೆದು, ಇಂಜಿನ್ ಚಾಲೂ ಮಾಡಿ ನೋಡಿದ್ದಾಯಿತು. ಚೆಲ್ಲಿದ ಹನಿಗಳ ಮೇಲೆ ಒಲೆ ಬೂದಿ ಎರಚಿ, ಗುಡಿಸಿ, ಸೀಗೆಪುಡಿ ಹಾಕಿ ಎರಡು ಸಲ ತೊಳೆದದ್ದೂ ಆಯಿತು. ಆದರೂ ಆಂಜನಪ್ಪ ಬೀಗದ ಕೈ ಕೊಡುವುದಿಲ್ಲ.

ಈಗ ಅಮ್ಮಾಜಮ್ಮನವರ ಸರದಿ. ಅವರು ಆಂಜನಪ್ಪನವರ ಹೆಂಡತಿ. ಡೀಸೆಲ್ ಸೋಕದ ಕೈ ಈ ಶೆಡ್ಡಿನಲ್ಲಿ ಅವರದೊಂದೇ. ಹಿತ್ತಲಿನಿಂದ ಎಲೆಯಿರುವ ಹಿಪ್ಪುನೇರಳೆ ಕಡ್ಡಿಯೊಂದನ್ನು ಮುರಿದು ತಂದು, ಸೀಟಿನ ಹಿಂದೆ ಇಟ್ಟು, ಒಂದು ಗಂಟೆ ಹಾಗೇ ಬಿಡುತ್ತಾರೆ. ಆಮೇಲೆ ಆ ಕಡ್ಡಿಯನ್ನು ಹುಳುವಿನ ಮುಂದಿಡಬೇಕು. ಹುಳು ತಿಂದರೆ ಜೀಪು ಹೊರಡಬಹುದು. ತಿನ್ನದಿದ್ದರೆ ಮತ್ತೆ ತೊಳೆಯಬೇಕು. ತಿಂದುಳಿದ ಕಡ್ಡಿಗಳನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ದೇವರ ಪಟದ ಸುತ್ತ ಈಗ ಒಣಕಡ್ಡಿಗಳದೇ ಕಾಡು.

"ಜೀಪನ್ನ ಇಲ್ಲಿಗೆ ತರೋದು ಮಾವಂಗೆ ಇಷ್ಟ ಇರ್ಲಿಲ್ಲ. ನಾನೇ ಹಠ ಮಾಡ್ದೆ. ಹುಳು ನಾನೇ ತರ್ತೀನಿ, ನಾನೇ ನೋಡ್ತೀನಿ ಅಂತ ಮಾವ ಅಂದವ್ರೆ," ಎಂದು ಜ್ಯೋತಿಲಕ್ಷ್ಮಿ ಮೆಲ್ಲಗೆ ಹೇಳುತ್ತಾರೆ.

ಒಂಬತ್ತಕ್ಕೆ ಸರಿಯಾಗಿ ವೆಂಕಟರವಣಪ್ಪ ನೆರೆಯವರ ಬೈಕಿನಿಂದ ಇಳಿಯುತ್ತಾರೆ. ಎಪ್ಪತ್ತು ದಾಟಿದ ಜೀವ. ಕೈಯಲ್ಲಿ ಬಿದಿರಿನ ಪುಟ್ಟ ತಟ್ಟೆ, ಅದರಲ್ಲಿ ಇಪ್ಪತ್ತು ಹುಳು. ಯಾರ ಮುಖವನ್ನೂ ನೋಡದೆ ತಟ್ಟೆಯನ್ನು ಬೆಂಚಿನ ಮೇಲಿಡುತ್ತಾರೆ. ಅಮ್ಮಾಜಮ್ಮ ಕಡ್ಡಿಯನ್ನು ಅದರಲ್ಲಿ ಇಡುತ್ತಾರೆ. ಆಂಜನಪ್ಪ ಕೈ ಹಿಂದೆ ಕಟ್ಟಿಕೊಂಡು ಮೂರು ಮಾರು ದೂರ ನಿಲ್ಲುತ್ತಾರೆ.

ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತವೆ. ಒಂದು ಎಲೆ ಹತ್ತಿ ಹಿಂದೆ ಸರಿಯುತ್ತದೆ. ಮತ್ತೊಂದು ಬಂದು, ಅಂಚಿಗೆ ಬಾಯಿ ಹಚ್ಚಿ, ಅಲ್ಲೇ ನಿಲ್ಲುತ್ತದೆ. ಆಮೇಲೆ ಕತ್ತರಿಸತೊಡಗುತ್ತದೆ. ಅದರ ಹಿಂದೆ ಇನ್ನೊಂದು, ಮಗುದೊಂದು. ಹಿಂದೆ ಸರಿದದ್ದೂ ನಾಚಿಕೆ ಬಿಟ್ಟು ಪಂಕ್ತಿಗೆ ಬರುತ್ತದೆ. ಹತ್ತೇ ನಿಮಿಷದಲ್ಲಿ ಎಲೆಯ ನರ ಮಾತ್ರ ಉಳಿಯುತ್ತದೆ.

ವೆಂಕಟರವಣಪ್ಪ ಬಗ್ಗಿ ನೋಡುತ್ತಾರೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ. "ಬಾಗುಂದಿ ರಾ, ಚೆನ್ನಾಗೈತೆ ಆಂಜನಪ್ಪ. ಸೈಲೆನ್ಸರು ಬೇರೆ ಬಡ್ಕೊಂತೈತೆ. ಈ ಬೆಳೆ ಇಳೀಲಿ, ಇಲ್ಲಿಗೇ ತತ್ತೀನಿ," ಎಂದು ಸೊಸೆಯ ಪಕ್ಕ ಹತ್ತಿ ಕೂರುತ್ತಾರೆ. ಜೀಪು ತೋಟದ ದಾರಿ ಹಿಡಿಯುತ್ತದೆ.

ಆಂಜನಪ್ಪ ರಸ್ತೆಯಂಚಿಗೆ ಬಂದು ನಿಲ್ಲುತ್ತಾರೆ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಕಣ್ಣನ್ನು ತೋಳಿಗೆ ಒರೆಸಿಕೊಳ್ಳುತ್ತಾರೆ. ಬರೀ ನರ ಉಳಿದ ಕಡ್ಡಿಯನ್ನು ಹಿಡಿದು ಅಮ್ಮಾಜಮ್ಮ, "ಇದನ್ನೆಲ್ಲಿ ಸಿಕ್ಕಿಸ್ಲಿ? ಗೋಡೆ ತುಂಬೋಗೈತೆ," ಎನ್ನುತ್ತಾರೆ.

"ಬಾಗಿಲ ಹತ್ರ ಹೊಸ ಮೊಳೆ ಹೊಡೀತೀನಿ ತಾಳು," ಎಂದು ಆಂಜನಪ್ಪ ಸುತ್ತಿಗೆ ಹುಡುಕುತ್ತಾರೆ. "ಅವರು ಸೈಲೆನ್ಸರ್‌ಗೆ ಬಂದಾಗ ಮೊದ್ಲು ಅದೇ ಕಾಣ್ಬೇಕು."