ಮೊಣಕಾಲಿಗೆ ಎರಡನೆಯ ಸಾಕ್ಷಿ

೨೦೨೩ರ ಮಾರ್ಚ್ ೧೪, ಮಂಗಳವಾರ. ಈ ದಿನಾಂಕಕ್ಕೆ ಆಧಾರ ನನ್ನ ಆ ವರ್ಷದ ದಿನಚರಿ. ಸೋಮವಾರವೆಂದು ನೆನಪಿತ್ತು, ಅದು ತಪ್ಪು. ಅಡುಗೆಮನೆಯ ಗೋಡೆಯ ಮೇಲಿದ್ದ ಮರಾಠಿ ಕ್ಯಾಲೆಂಡರಿನ ಅದೇ ಚೌಕದಲ್ಲಿ, ಹಾಲಿನವನು ಬಾರದ ದಿನವೆಂದು ನನ್ನ ಪತ್ನಿ ಎಳೆದ ಅಡ್ಡಗೀಟಿನ ಕೆಳಗೆ 'ಡಾಕ್ಟರ್' ಎಂಬ ಒಂದು ಪದವಿದೆ. ಎರಡು ಸ್ವತಂತ್ರ ಮೂಲಗಳು ಒಪ್ಪುವುದರಿಂದ ಮಂಗಳವಾರವೆಂದೇ ಇಟ್ಟುಕೊಳ್ಳಬಹುದು.

ಪತ್ನಿ ಪುಣೆಯ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಪ್ರತಿ ವರ್ಷ ಸಂತ ಜ್ಞಾನೇಶ್ವರರ ಪಾಲಖಿ, ಅಂದರೆ ಪಲ್ಲಕ್ಕಿಯ ಯಾತ್ರೆ, ಊರು ಬಿಟ್ಟು ಸಾಸವಡದ ಕಡೆಗೆ ಹೊರಡುವಾಗ ರಸ್ತೆಬದಿಯಲ್ಲಿ ನಿಂತು ಕೈಮುಗಿದು ಮರಳುವುದು ಅವಳ ರೂಢಿ. ಆ ವರ್ಷ ನೆರೆಮನೆಯ ಹೆಂಗಸರೊಡನೆ ತಾನೂ ಆ ದಾರಿಯ ದಿವೆ ಘಾಟನ್ನು ನಡೆದೇ ಹತ್ತಬೇಕೆಂದು ನಿಶ್ಚಯಿಸಿದ್ದಳು. ಚಳಿಗಾಲದಲ್ಲಿ ಮೊಣಕಾಲು ನೋವು ಶುರುವಾಯಿತು. ಶಸ್ತ್ರಚಿಕಿತ್ಸೆಯಾದರೆ ಜೂನ್ ತಿಂಗಳ ಘಾಟು ತಪ್ಪುತ್ತಿತ್ತು. ಕೀಲು ನಿಜವಾಗಿಯೂ ಸವೆದಿದ್ದರೆ, ಹತ್ತುವ ಹಟ ಅವಳನ್ನು ಮಂಚಕ್ಕೆ ಕಟ್ಟಿಹಾಕಬಹುದಿತ್ತು.

ಪುಣೆಯಲ್ಲಿ ನೆಲೆಸಿದ ಧಾರವಾಡ, ಬೆಳಗಾವಿ ಕಡೆಯ ಕುಟುಂಬಗಳಲ್ಲಿ ಒಂದು ಪದ್ಧತಿಯಿದೆ. ವಕೀಲರಾಗಲಿ, ವೈದ್ಯರಾಗಲಿ ಬೇಕಾದಾಗ ಮೊದಲು ಕೇಳುವ ಪ್ರಶ್ನೆ 'ನಮ್ಮವರು ಯಾರಾದರೂ ಇದ್ದಾರೆಯೇ' ಎಂಬುದು. ಮನೆಯ ಹೊಸ್ತಿಲು ದಾಟಿದೊಡನೆ ಮರಾಠಿಗೆ ಹೊರಳಿ ದಶಕಗಳನ್ನು ಕಳೆದವರಿಗೆ, ಬಿಳಿ ಕೋಟಿನ ಒಳಗಿನಿಂದ ನಮ್ಮದೇ ಮಾತು ಕೇಳಿಸಿದರೆ ಅರ್ಧ ರೋಗ ಅಲ್ಲೇ ಇಳಿಯುತ್ತದೆ. ಕನ್ನಡ ಬಳಗದ ಸಂಕ್ರಾಂತಿ ಕೂಟದಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ನಾಲ್ವರು ಒಬ್ಬರೇ ಶಸ್ತ್ರವೈದ್ಯರನ್ನು ಸೂಚಿಸಿದ್ದರು.

ಆ ಮಂಗಳವಾರ ನಾವು ಹೋದಾಗ ಅವರ ಕೋಣೆಯ ಗೋಡೆಯ ತುಂಬ ಪ್ರಶಸ್ತಿಪತ್ರಗಳಿದ್ದವು. ಪತ್ನಿಯ ತವರು ಧಾರವಾಡದ ಮಾಳಮಡ್ಡಿಯೆಂದು ತಿಳಿದದ್ದೇ ತಡ, ಅವರು ಅವಳನ್ನು ಸ್ವಂತ ಅತ್ತಿಗೆಯೆಂಬಂತೆ ವೈನಿ ಎಂದು ಕರೆಯತೊಡಗಿದರು. ತಾವು ಓದಿದ ಶಾಲೆ, ಅಲ್ಲಿನ ಮೇಷ್ಟ್ರು, ರೈಲು ಹಳಿಯ ಪಕ್ಕದ ಮೈದಾನ, ಎಲ್ಲವೂ ಬಂದುಹೋದವು. ಮಾತಿನ ಕೊನೆಯಲ್ಲಿ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು.

"ಎರಡೂ ಬದಲಿ ಮಾಡಿಸಿಬಿಡೂಣ್ರಿ ವೈನಿ. ನಮ್ಮವರಿಗೆ ನಾ ಸುಳ್ಳ ಹೇಳ್ತೀನೇನು?"

ಏಪ್ರಿಲ್‌ನಲ್ಲಿ ದಿನ ಗೊತ್ತುಮಾಡಲು ನಾನು ಒಪ್ಪಿಕೊಂಡೆ. ಮರಳುವಾಗ ರಿಕ್ಷಾ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ನಿಂತಾಗ ಪತ್ನಿ ನನ್ನ ಕಡೆ ತಿರುಗಿದಳು.

"ಓಲೆಗರಿ ಮ್ಯಾಲಿನ ಒಂದು ತಾರೀಖು ನಂಬಲಿಕ್ಕೆ ನಿಮಗ ಎರಡು ಸಾಕ್ಷಿ ಬೇಕು. ನನ್ನ ಎರಡು ಮೊಣಕಾಲಿಗೆ, ಅವರು ಧಾರವಾಡದವರಂದ್ರ ಸಾಕಾತೇನ್ರಿ?"

ನಾಲ್ವರು ಒಂದೇ ಮಾತು ಹೇಳಿದ್ದಾರಲ್ಲ ಎಂದೆ.

"ಆ ನಾಲ್ಕು ಮಂದ್ಯಾಗ ಯಾರ ಮೊಣಕಾಲು ರಿಪೇರಿ ಆಗ್ಯಾವ, ಕೇಳೀರೇನು?"

ಕೇಳಿರಲಿಲ್ಲ. ಹಸ್ತಪ್ರತಿಗಳ ಸಂಪಾದನೆ ನನ್ನ ಜೀವನದ ವೃತ್ತಿ. ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಹತ್ತೂ ಒಂದೇ ತಾಯಿಪ್ರತಿಯನ್ನು ನೋಡಿ ಬರೆದವಾಗಿದ್ದರೆ ಅವನ್ನು ಒಂದೇ ಸಾಕ್ಷಿಯೆಂದು ಎಣಿಸಬೇಕು. ಇದು ನಮ್ಮ ಕೆಲಸದ ಮೊದಲ ಪಾಠ. ವಿದ್ಯಾರ್ಥಿಗಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಮರುದಿನ ಬೆಳಿಗ್ಗೆ ಕಾಫಿ ಮುಗಿಸಿ ದೂರವಾಣಿ ಹಿಡಿದು ಕುಳಿತೆ. ಮೊದಲನೆಯವರು ಈ ವೈದ್ಯರ ಹೆಸರನ್ನು ಎರಡನೆಯವರಿಂದ ಕೇಳಿದ್ದರು. ಎರಡನೆಯವರೂ ಮೂರನೆಯವರೂ ನಾಲ್ಕನೆಯವರಿಂದ ಕೇಳಿದ್ದರು. ನಾಲ್ಕನೆಯವರು ನಿವೃತ್ತ ಬ್ಯಾಂಕ್ ಅಧಿಕಾರಿ, ನಿರ್ಮಲ ಮನಸ್ಸಿನವರು. ಅವರ ಭಾವನಿಗೆ ಈ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದ್ದರಂತೆ. ಮೊಣಕಾಲು ಈಗ ಹೇಗಿದೆಯೆಂದು ವಿಚಾರಿಸಿದೆ.

"ಮೊಣಕಾಲಲ್ರಿ, ಅಂವಗ ಆಗಿದ್ದು ಭುಜ. ಆದ್ರ ಡಾಕ್ಟ್ರು ಭಾಳ ಚಲೋ ಮಾತಾಡ್ತಾರ ನೋಡ್ರಿ."

ತಾಯಿಪ್ರತಿ ಸಿಕ್ಕಿತು, ಅದರಲ್ಲಿ ಮೊಣಕಾಲಿನ ಪ್ರಸ್ತಾಪವೇ ಇರಲಿಲ್ಲ. ಪತ್ನಿಗೆ ಹೇಳಿದಾಗ ಅವಳು ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಬಹಳ ಹೊತ್ತು ನಕ್ಕಳು. ನಾನೂ ನಕ್ಕೆ. ನಂತರ ಏಪ್ರಿಲ್‌ನ ದಿನವನ್ನು ಸದ್ಯಕ್ಕೆ ಬೇಡವೆಂದು ಆಸ್ಪತ್ರೆಗೆ ತಿಳಿಸಿದೆ.

ಎರಡನೆಯ ವೈದ್ಯೆಯನ್ನು ಹುಡುಕಿದ್ದು ಪತ್ನಿಯೇ. ಈ ಸಲ ಅವಳು ವಿಚಾರಿಸಿದ್ದು ಸ್ವತಃ ಮೊಣಕಾಲು ತೋರಿಸಿಕೊಂಡವರನ್ನು ಮಾತ್ರ, ಅದರಲ್ಲೂ ಒಬ್ಬರಿಗೊಬ್ಬರು ಪರಿಚಯವಿಲ್ಲದವರನ್ನು. ಆ ವೈದ್ಯೆ ಮರಾಠಿಯವರು, ಮಾತು ಕಡಿಮೆ. ನಾವು ಯಾವ ಊರಿನವರೆಂದು ಕೊನೆಯವರೆಗೂ ಕೇಳಲಿಲ್ಲ. ಪತ್ನಿಯನ್ನು ಮಲಗಿಸಿ ಕಾಲು ಮಡಚಿದರು, ಚಾಚಿದರು, ಎಲ್ಲಿ ನೋವೆಂದು ಒತ್ತಿ ನೋಡಿದರು. ಹೊರಗೆ ಕರೆದೊಯ್ದು ಮೆಟ್ಟಿಲು ಹತ್ತಿಸಿ ಇಳಿಸಿದರು. ಅವರ ಅಭಿಪ್ರಾಯದಲ್ಲಿ ಸವೆತ ವಯಸ್ಸಿಗೆ ತಕ್ಕಷ್ಟಿತ್ತು. ತೊಡೆಯ ಸ್ನಾಯುಗಳು ಸೋತು ಭಾರವೆಲ್ಲ ಕೀಲಿನ ಮೇಲೆ ಬೀಳುತ್ತಿತ್ತು. ಮೊದಲು ವ್ಯಾಯಾಮ, ಮಳೆಗಾಲದ ಹೊತ್ತಿಗೂ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ನಾನು ಹಿಗ್ಗಿದೆ. ಪತ್ನಿ ಹಿಗ್ಗಲಿಲ್ಲ.

"ನಮಗ ಬೇಕಾದ್ದ ಹೇಳ್ಯಾರಂತ ಇವರನ್ನ ನಂಬಬ್ಯಾಡ್ರಿ. ಕಾಲು ಏನು ಹೇಳ್ತದ ನೋಡೂಣು."

ಹೀಗೆ ಮೂರನೆಯ ಸಾಕ್ಷಿಯಾಗಿ ಕಾಲನ್ನೇ ನೇಮಿಸಿದ್ದಾಯಿತು. ದಿನವೂ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲೆತ್ತುತ್ತಿದ್ದಳು. ಎದುರಿಗೆ ಪತ್ರಿಕೆ ಹಿಡಿದು ಕೂತ ನನಗೆ ಎಣಿಕೆಯ ಕೆಲಸ. ಸಂಪಾದಕೀಯದಲ್ಲಿ ಮೈಮರೆತು ಎಣಿಕೆ ತಪ್ಪಿಸಿದರೆ ಗಣಿತದ ಮೇಡಮ್ಮಿನ ದನಿ ಬರುತ್ತಿತ್ತು. ಏಪ್ರಿಲ್‌ನಲ್ಲಿ ನೋವು ಹೆಚ್ಚಿದಂತಾಗಿ, ಮೊದಲಿನವರ ಮಾತೇ ನಿಜವಿರಬಹುದೆ ಎಂದು ಇಬ್ಬರೂ ಅಳುಕಿದೆವು. ವೈದ್ಯೆ ಮತ್ತೊಮ್ಮೆ ಪರೀಕ್ಷಿಸಿ ಚೀಲದ ತೂಕ ಇಳಿಸಿದರು. ಮೇ ತಿಂಗಳಲ್ಲಿ ಅವಳು ಮಂಡಈ ಮಾರುಕಟ್ಟೆಗೆ ನಡೆದುಹೋಗಿ ಮಾವಿನ ಹಣ್ಣು ತಂದಳು. ವೈದ್ಯೆ ಮತ್ತೆ ಮೆಟ್ಟಿಲು ಹತ್ತಿಸಿ ನೋಡಿ, ಘಾಟಿಗೆ ಅಡ್ಡಿಯಿಲ್ಲ, ನಡುನಡುವೆ ಕೂರಬೇಕು ಎಂದರು.

ಜೂನ್‌ನಲ್ಲಿ ಅವಳು ದಿವೆ ಘಾಟು ಹತ್ತಿದಳು. ನಾನು ಜೊತೆಗಿದ್ದೆ. ತಾಳದ ಸದ್ದಿನ ನಡುವೆ ನೂಕುನುಗ್ಗಲಿನಲ್ಲಿ ಮೂರು ಕಡೆ ಕುಳಿತು, ಎದ್ದು, ಮೇಲೆ ತಲುಪಿ ಯಾರೋ ಹಂಚುತ್ತಿದ್ದ ಝುಣಕ ಭಾಕರಿ ತಿಂದೆವು. ಅಲ್ಲಿಂದ ಸಾಸವಡಕ್ಕೆ ಟೆಂಪೋ ಹಿಡಿಯೋಣವೆಂದದ್ದು ನಾನು. ಏದುಸಿರು ಬಿಡುತ್ತಿದ್ದವನೂ ನಾನೇ. ಅವಳ ಮೊಣಕಾಲು ಇಂದಿಗೂ ಅವಳದೇ. ಮುಂದೆ ಎಂದಾದರೂ ಬದಲಿಸಬೇಕಾಗಬಹುದು; ಆಗಲೂ ವಿಚಾರಿಸುವ ಕ್ರಮ ಗೊತ್ತಿದೆ.

ಈ ಬರಹಕ್ಕಾಗಿ ಹಳೆಯ ಆಸ್ಪತ್ರೆಯ ಕಾಗದಗಳನ್ನು ಕಳೆದ ವಾರ ತೆಗೆಸಿ ನೋಡಿದೆ. ಮೊದಲ ವೈದ್ಯರು ಕುರ್ಚಿಯಿಂದ ಏಳಲೇ ಇಲ್ಲ, ಅವಳ ಕಾಲನ್ನು ಮುಟ್ಟಲೇ ಇಲ್ಲ ಎಂಬುದು ನನ್ನ ಸ್ಪಷ್ಟ ನೆನಪು, ಪತ್ನಿಯದೂ ಅದೇ. ಆ ಬಗ್ಗೆ ನನ್ನ ದಿನಚರಿ ಮೌನವಾಗಿದೆ. ನೆನಪಿಗೂ ಆ ಕಾಲದ ಬರಹಕ್ಕೂ ಭೇದ ಬಂದಾಗ ಬರಹಕ್ಕೇ ಮನ್ನಣೆಯೆಂದು ವೃತ್ತಿಯುದ್ದಕ್ಕೂ ವಾದಿಸಿದವನು ನಾನು. ಪತ್ನಿ ಹೇಳಿದ್ದು ಇಷ್ಟು: "ಬರದವರು ಯಾರು ಅನ್ನೂದನ್ನೂ ನೋಡ್ಬೇಕಲ್ರಿ." ಆದರೂ ನಮ್ಮ ನೆನಪಿಗೆ ಒಗ್ಗದ ಭಿನ್ನಪಾಠವನ್ನು ಮರೆಮಾಚುವುದು ಸರಿಯಲ್ಲ. ಮಾರ್ಚ್ ೧೪ರ ಆ ಕಾಗದದಲ್ಲಿ, ಅವರದೇ ಕೈಬರಹದಲ್ಲಿ, ಎರಡೂ ಮೊಣಕಾಲುಗಳನ್ನು ಮಡಚಿ, ಚಾಚಿ, ಕೈಯಿಂದ ಪರೀಕ್ಷಿಸಿದ್ದಾಗಿ ದಾಖಲಾಗಿದೆ.